ಮುಗ್ಗಲು ಹಿಡಿದ ಅಕಾರ್ಡಿಯನ್ ಮತ್ತು ಅದರ ಪೆಟ್ಟಿಗೆ: ಒಂದು ದುರಸ್ತಿಯ ಪ್ರಕರಣ ಅಧ್ಯಯನ

ವಾದ್ಯ 1950ರ ದಶಕದ ಇಟಲಿಯ ಪಿಯಾನೋ ಅಕಾರ್ಡಿಯನ್. ಬಲಗೈಗೆ 41 ಮನೆ (ಬೆರಳಿನಿಂದ ಒತ್ತುವ ಪಟ್ಟಿಗಳು), ಎಡಗೈಗೆ 120 ಗುಂಡಿ. ಬಲಬದಿಯಲ್ಲಿ ಮೂರು ಸಾಲು ರೀಡುಗಳು (ಗಾಳಿಗೆ ಕಂಪಿಸಿ ಸ್ವರ ಕೊಡುವ ಉಕ್ಕಿನ ನಾಲಿಗೆಗಳು): ಒಂದು ಮಂದ್ರ, ಎರಡು ಮಧ್ಯ. ಮೈಗೆ ಮುತ್ತಿನ ಹೊಳಪಿನ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್. ಅದರ ಪೆಟ್ಟಿಗೆ ಪ್ಲೈವುಡ್ಡಿನದು, ಒಳಗೆ ಕೆಂಪು ಮಖಮಲ್ಲಿನ ಹಾಸು. ಎರಡೂ ದಶಕಗಟ್ಟಲೆ ಉಗ್ರಾಣದ ನೆಲದ ಮೇಲೆ ಅಡ್ಡಡ್ಡ ಮಲಗಿದ್ದವು.

ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ನುಡಿಸಿದಾಗ ಮೂರು ಮನೆಗಳು ಒತ್ತಿದಲ್ಲೇ ಉಳಿದವು. ಕೆಲವು ಸ್ವರಗಳು ತಿದಿ ಎಳೆಯುವಾಗ ಮಾತ್ರ, ಕೆಲವು ಮುಚ್ಚುವಾಗ ಮಾತ್ರ ಕೇಳುತ್ತಿದ್ದವು. ಎಡಬದಿಯಲ್ಲಿ ಒಂದು ಮಂದ್ರಸ್ವರ ಯಾವ ಗುಂಡಿ ಮುಟ್ಟದಿದ್ದರೂ ಗುಂಯ್‌ಗುಡುತ್ತಿತ್ತು. ಒಟ್ಟು ಶ್ರುತಿ ಕೆಟ್ಟಿತ್ತು.

ಇಂಥ ವಾದ್ಯ ಕೈಗೆ ಬಂದಾಗ ಹೆಚ್ಚಿನವರು ಮೊದಲು ಹಿಡಿಯುವುದು ಅರ. ಶ್ರುತಿ ಕೆಟ್ಟಿದೆ, ರೀಡನ್ನು ಉಜ್ಜಿ ಸರಿಮಾಡೋಣ ಎಂಬ ಲೆಕ್ಕ. ಹಳೆಯ ಅಕಾರ್ಡಿಯನ್ನುಗಳು ಹಾಳಾಗುವುದು ಬೂಷ್ಟಿನಿಂದಲ್ಲ, ಈ ಅವಸರದಿಂದ. ಉಜ್ಜಿ ತೆಗೆದ ಉಕ್ಕನ್ನು ಮತ್ತೆ ಹಚ್ಚಲು ಬರುವುದಿಲ್ಲ. ಶ್ರುತಿ ತಪ್ಪಿದಂತೆ ಕೇಳಿಸುವ ಸ್ವರಗಳಲ್ಲಿ ಬಹುಪಾಲು ನಿಜವಾಗಿ ಗಾಳಿ ತಪ್ಪಿದ ಸ್ವರಗಳು. ಆದ್ದರಿಂದ ಇಲ್ಲಿ ಹಿಡಿದ ಕ್ರಮ ಇಷ್ಟು: ಮೊದಲು ತೇವ ಮತ್ತು ವಾಸನೆ, ಆಮೇಲೆ ಗಾಳಿಯ ಸೋರಿಕೆ, ಆಮೇಲೆ ರೀಡುಗಳನ್ನು ಹಿಡಿದಿಡುವ ಮೇಣ ಮತ್ತು ಅವುಗಳ ಸೀಳು ಮುಚ್ಚುವ ತೊಗಲು, ಕಟ್ಟಕಡೆಗೆ ಶ್ರುತಿ.

ಬಿಚ್ಚುವ ಮುನ್ನ ಮಾಡಿದ ಪರೀಕ್ಷೆ

ತಿದಿಯ ಕಟ್ಟು ಬಿಚ್ಚಿ, ಬಲಬದಿಯನ್ನು ಎತ್ತಿ ಹಿಡಿದು, ಎಡಬದಿಯನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡಲಾಯಿತು. ಮನೆ, ಗುಂಡಿ ಯಾವುದನ್ನೂ ಒತ್ತಬಾರದು. ಕೆಳಗೆ ಇನ್ನೊಬ್ಬರ ಕೈ ಆಸರೆಗೆ ಇರಬೇಕು, ಇಲ್ಲದಿದ್ದರೆ ಹಳೆಯ ತಿದಿಯ ಮೂಲೆಗಳು ಹರಿಯುತ್ತವೆ. ಗಾಳಿ ಬಿಗಿಯಾಗಿರುವ ವಾದ್ಯ ಹೀಗೆ ಪೂರ್ತಿ ಇಳಿಯಲು ಹತ್ತಾರು ಸೆಕೆಂಡು ತೆಗೆದುಕೊಳ್ಳುತ್ತದೆ. ಇದು 4 ಸೆಕೆಂಡಿಗೆ ಇಳಿದುಬಿಟ್ಟಿತು.

ಎರಡನೆಯದು ಸ್ವರಪಟ್ಟಿ. ಪ್ರತಿ ಮನೆಯನ್ನೂ ಒಂದೊಂದು ಸಾಲಿನ ರೀಡಿನಲ್ಲಿ, ಎಳೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ನುಡಿಸಿ, ಏನು ಕೇಳಿಸಿತೋ ಅದನ್ನು ಬರೆದಿಡುವುದು. ಬೇಸರದ ಕೆಲಸವೇ ಸರಿ. ಆದರೆ ಈ ಪಟ್ಟಿ ಇಲ್ಲದೆ ಮುಂದಿನದೆಲ್ಲ ಕತ್ತಲಲ್ಲಿ ತಡಕಾಟ. ಬಲಬದಿಯಲ್ಲಿ 41 ಮನೆಗೆ ಮೂರರಂತೆ 123 ರೀಡ್ ತಗಡುಗಳು, ಒಂದೊಂದಕ್ಕೆ ಎರಡು ನಾಲಿಗೆ, ಒಟ್ಟು 246. ಎಡಬದಿಯಲ್ಲಿ 12 ಸ್ವರಕ್ಕೆ ಐದು ಸ್ಥಾಯಿಯಂತೆ 60 ತಗಡು, 120 ನಾಲಿಗೆ. ಹಾರ್ಮೋನಿಯಂ ಬಿಚ್ಚಿದವರಿಗೆ ಈ ಜೋಡಿ ನಾಲಿಗೆ ಹೊಸದು. ಅಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುವುದರಿಂದ ಒಂದು ನಾಲಿಗೆ ಸಾಕು. ಇಲ್ಲಿ ತಿದಿ ಎಳೆದರೂ ಒತ್ತಿದರೂ ಅದೇ ಸ್ವರ ಬರಬೇಕು, ಅದಕ್ಕೆ ಎರಡು ಬೇಕು.

ಬಲಬದಿಯ 246ರಲ್ಲಿ 94 ನಾಲಿಗೆಗಳು 5 ಸೆಂಟಿಗಿಂತ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಹೆಚ್ಚು ತಪ್ಪಿದಂತೆ ಕಂಡವು. ಈ ಸಂಖ್ಯೆ ನೆನಪಿನಲ್ಲಿರಲಿ.

ಪೆಟ್ಟಿಗೆ

ವಾದ್ಯವನ್ನು ಹೊರತೆಗೆದು, ಹತ್ತಿಬಟ್ಟೆ ಹೊದಿಸಿ, ಒಣಗಿದ ಕೋಣೆಯಲ್ಲಿಡಲಾಯಿತು. ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಪೆಟ್ಟಿಗೆಯ ಕೆಲಸವೆಲ್ಲ ಬಯಲಿನಲ್ಲಿ, ಎನ್95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು. ಬೂಷ್ಟನ್ನು ಪೊರಕೆಯಿಂದ ಗುಡಿಸುವುದು ಅದರ ಬೀಜಕಣಗಳನ್ನು ಬಿತ್ತಿದಂತೆ. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಯಂತ್ರದ ಬಾಯಿಗೆ ಮೆತ್ತನೆಯ ಕುಂಚ ಹಾಕಿ ನಿಧಾನವಾಗಿ ಎಳೆಯಬೇಕು.

ವಾಸನೆಯ ಬೇರು ಮಖಮಲ್ಲಿನ ಮೇಲಿರಲಿಲ್ಲ, ಅದರ ಅಡಿಯಲ್ಲಿತ್ತು. ತಳದ ಹಾಸನ್ನು ಎಬ್ಬಿಸಿದಾಗ ರಟ್ಟಿನ ಪದರ, ಅದನ್ನು ಹಿಡಿದಿಟ್ಟ ಪ್ರಾಣಿಜನ್ಯ ಸರೇಸು ಕಂಡವು. ಸರೇಸು ಬೂಷ್ಟಿಗೆ ಊಟ, ರಟ್ಟು ಅದಕ್ಕೆ ನೀರಿನ ಹಂಡೆ. ಮೇಲಿನಿಂದ ಎಷ್ಟು ಸುಗಂಧ ಸಿಂಪಡಿಸಿದರೂ ಇದು ಸಾಯುವುದಿಲ್ಲ. ತಳದ ಹಾಸು ಮತ್ತು ರಟ್ಟನ್ನು ಪೂರ್ತಿ ಕಿತ್ತು ಎಸೆಯಲಾಯಿತು. ಮುಚ್ಚಳದ ಹಾಸು ಒಣಗಿಯೇ ಇತ್ತು, ಅದನ್ನು ಉಳಿಸಿಕೊಳ್ಳಲಾಯಿತು.

ಬರಿದಾದ ಪೆಟ್ಟಿಗೆಯನ್ನು ನಾಲ್ಕು ದಿನ ಬಿಸಿಲಿಗೆ ತೆರೆದಿಟ್ಟು, ದಿನಕ್ಕೆರಡು ಸಲ ಮಗ್ಗುಲು ಬದಲಿಸಲಾಯಿತು. (ವಾದ್ಯವನ್ನು ಮಾತ್ರ ಎಂದಿಗೂ ಬಿಸಿಲಿಗಿಡಬಾರದು. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗಿ ರೀಡುಗಳು ಜಾರುತ್ತವೆ.) ಆಮೇಲೆ ಮರಕ್ಕೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ತೆಳುವಾಗಿ ಹಚ್ಚಲಾಯಿತು. ಶೇ. 99ರದ್ದು ಇನ್ನೂ ಚೆನ್ನ ಎಂದುಕೊಳ್ಳುವುದು ತಪ್ಪು: ಅದು ಕ್ಷಣದಲ್ಲಿ ಹಾರಿಹೋಗುತ್ತದೆ, ನೀರು ಬೆರೆತದ್ದು ನಿಂತು ಕೆಲಸ ಮಾಡುತ್ತದೆ. ಬ್ಲೀಚಿಂಗ್ ದ್ರಾವಣ ಬೇಡ, ವಿನೆಗರ್ ಕೂಡ ಬೇಡ. ಎರಡರ ಆವಿಯೂ ಮುಚ್ಚಿದ ಪೆಟ್ಟಿಗೆಯಲ್ಲಿ ಉಳಿದು ಉಕ್ಕಿನ ನಾಲಿಗೆಗಳಿಗೆ ತುಕ್ಕು ತರುತ್ತದೆ. ಓಝೋನ್ ಯಂತ್ರ ರಬ್ಬರನ್ನೂ ತೊಗಲನ್ನೂ ಸೀಳುತ್ತದೆ.

ತಳದ ಒಂದು ಅಂಚಿನಲ್ಲಿ ಪ್ಲೈವುಡ್ ಪದರ ಬಿಟ್ಟಿತ್ತು. ಒಣಗಿದ ಮೇಲೆ ಪದರಗಳ ನಡುವೆ ಪಿವಿಎ ಅಂಟು (ಮರಗೆಲಸದ ಬಿಳಿ ಅಂಟು) ತುಂಬಿ, ಹಲಗೆಯಿಟ್ಟು ಕ್ಲ್ಯಾಂಪ್ ಬಿಗಿದು 24 ಗಂಟೆ ಬಿಡಲಾಯಿತು. ಒಳಮರಕ್ಕೆ ಎರಡು ಕೋಟು ಅರಗಿನ ಪಾಲಿಶ್. ಅರಗು ಮರದಲ್ಲಿ ಉಳಿದ ವಾಸನೆಯನ್ನು ಒಳಗೇ ಬಂಧಿಸುತ್ತದೆ. ಆದರೆ ಅದರ ದ್ರಾವಕ ಹಾರಿಹೋಗಲು ಒಂದು ವಾರ ಮುಚ್ಚಳ ತೆರೆದೇ ಇರಬೇಕು. ಮುಚ್ಚಳದ ಮಖಮಲ್ಲಿಗೆ ಅಡಿಗೆ ಸೋಡಾ ಉದುರಿಸಿ ಒಂದು ದಿನ ಬಿಟ್ಟು, ಕಣವೂ ಉಳಿಯದಂತೆ ವ್ಯಾಕ್ಯೂಮ್ ಮಾಡಲಾಯಿತು. ಉಳಿದ ಪುಡಿ ಮುಂದೆ ತಿದಿಯ ಉಸಿರಿನೊಂದಿಗೆ ರೀಡಿಗೇ ಹೋಗುತ್ತದೆ. ಕೊನೆಗೆ ಬಟ್ಟೆಚೀಲದಲ್ಲಿ ಅರ್ಧ ಕಿಲೋ ಸಕ್ರಿಯ ಇದ್ದಿಲು ಇಟ್ಟು ಎರಡು ವಾರ ಮುಚ್ಚಿಟ್ಟದ್ದು.

ತಳಕ್ಕೆ ಹೊಸ ಹಾಸು: ಪಾಲಿಎಥಿಲೀನ್ ಫೋಮ್, ಮೇಲೆ ಹತ್ತಿಯ ಮಖಮಲ್ಲು. ಸೋಫಾದ ಪಾಲಿಯುರಿಥೇನ್ ಫೋಮ್ ಸುಲಭವಾಗಿ ಸಿಗುತ್ತದೆ ಎಂದು ಹಾಕುವವರಿದ್ದಾರೆ. ವರ್ಷಗಳು ಕಳೆದಂತೆ ಅದು ಅಂಟಂಟು ಪುಡಿಯಾಗಿ ವಾದ್ಯಕ್ಕೆ ಮೆತ್ತಿಕೊಳ್ಳುತ್ತದೆ.

ವಾಸನೆ ಹೋಯಿತೇ ಎಂದು ನೋಡಲು ಮೂಗನ್ನು ಪೆಟ್ಟಿಗೆಯೊಳಗೆ ಇಟ್ಟರೆ ಸಾಲದು, ವಾರಗಟ್ಟಲೆ ಅಲ್ಲೇ ಕೆಲಸ ಮಾಡಿದ ಮೂಗು ಒಗ್ಗಿಹೋಗಿರುತ್ತದೆ. ಒಗೆದ ಹತ್ತಿಬಟ್ಟೆಯನ್ನು 48 ಗಂಟೆ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಬಟ್ಟೆಯನ್ನು ಹೊರಗೆ ತಂದು, ಈ ಕೆಲಸಕ್ಕೆ ಕೈಹಾಕದ ಇನ್ನೊಬ್ಬರಿಂದ ಮೂಸಿಸಬೇಕು. ಮೊದಲ ಸಲ ಬಟ್ಟೆ ಮುಗ್ಗಲು ನಾರಿತು. ಇದ್ದಿಲನ್ನು ಬದಲಿಸಿ ಇನ್ನೆರಡು ವಾರ ಇಟ್ಟ ಮೇಲೆ ನಾರಲಿಲ್ಲ.

ತಿದಿ

ತಿದಿಯನ್ನು ಮರದ ಚೌಕಟ್ಟಿಗೆ ಹಿಡಿದಿಟ್ಟದ್ದು 22 ಮೊಳೆ. ಇವುಗಳ ದಪ್ಪ ಒಂದೇ ಸಮ ಇರುವುದಿಲ್ಲ. ದಟ್ಟ ರಟ್ಟಿನ ಮೇಲೆ ವಾದ್ಯದ ಆಕಾರ ಬರೆದು, ತೆಗೆದ ಮೊಳೆಯನ್ನು ಅದರದೇ ಜಾಗದಲ್ಲಿ ಚುಚ್ಚಿಡಬೇಕು. ಇಕ್ಕಳದ ಬಾಯಿಗೆ ತೊಗಲು ಸುತ್ತಿ, ಮೊದಲು ತುಸು ತಿರುಗಿಸಿ, ಆಮೇಲೆ ಎಳೆಯುವುದು. ನೇರ ಎಳೆದರೆ ಸೆಲ್ಯುಲಾಯ್ಡ್ ಚಕ್ಕೆ ಏಳುತ್ತದೆ.

ಪೆಟ್ಟಿಗೆ ಎಷ್ಟೇ ಶುದ್ಧವಾದರೂ ತಿದಿಯೊಳಗೆ ಬೂಷ್ಟಿದ್ದರೆ ವಾದ್ಯ ಪ್ರತಿ ಸಲ ಮುಚ್ಚಿದಾಗಲೂ ನುಡಿಸುವವರ ಮುಖಕ್ಕೇ ಆ ಗಾಳಿಯನ್ನು ಊದುತ್ತದೆ. ಇಲ್ಲಿ ಮಡಿಕೆಗಳ ಒಳಮೂಲೆಗಳಲ್ಲಿ ಬೂದು ಚುಕ್ಕೆಗಳಿದ್ದವು. ಮಡಿಕೆಗಳ ನಡುವೆ ಮರದ ತುಂಡು ಸಿಕ್ಕಿಸಿ ತೆರೆದಿಟ್ಟು, ವ್ಯಾಕ್ಯೂಮ್ ಮಾಡಿ, ಹತ್ತಿಯ ಕಡ್ಡಿಗೆ ಆಲ್ಕೋಹಾಲ್ ತಾಗಿಸಿ ಒರೆಸಲಾಯಿತು. ಹತ್ತಿ ತೇವವಾಗಿರಬೇಕು, ತೊಟ್ಟಿಕ್ಕಬಾರದು. ತಿದಿಯೆಂದರೆ ರಟ್ಟು, ನೆನೆದರೆ ಸೊಟ್ಟಗಾಗುತ್ತದೆ. ಮೂರು ದಿನ ಫ್ಯಾನಿನ ಗಾಳಿ. ಹೊರಮೈಯ ಸೆಲ್ಯುಲಾಯ್ಡನ್ನು ಒರೆಸಲು ಆಲ್ಕೋಹಾಲ್, ಅಸಿಟೋನ್ ಎರಡೂ ಬೇಡ, ಹೊಳಪು ಹೋಗುತ್ತದೆ. ಅದಕ್ಕೆ ಹಿಂಡಿದ ಒದ್ದೆಬಟ್ಟೆ, ಒಂದು ಹನಿ ಮೃದು ಸೋಪು ಸಾಕು. ಸೆಲ್ಯುಲಾಯ್ಡಿಗೆ ಬೆಂಕಿ ಬೇಗ ತಗಲುತ್ತದೆ ಎಂಬುದನ್ನೂ ಮರೆಯಬಾರದು, ಅದರ ಹತ್ತಿರ ಮೇಣ ಕರಗಿಸುವ ಒಲೆ ಇರಕೂಡದು.

ಕತ್ತಲ ಕೋಣೆಯಲ್ಲಿ ತಿದಿಯೊಳಗೆ ದೀಪ ಹಿಡಿದಾಗ ಎರಡು ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಹೊರಬಿತ್ತು. 0.4 ಮಿಲಿಮೀಟರ್ ದಪ್ಪದ ಆಡಿನ ತೊಗಲನ್ನು ಅಂಚು ಸವರಿ, ಒಳಗಿನಿಂದ ಪಿವಿಎ ಅಂಟಿನಲ್ಲಿ ತೇಪೆ ಹಾಕಲಾಯಿತು. ಆದರೆ ದೊಡ್ಡ ಸೋರಿಕೆ ಮೂಲೆಗಳದ್ದಲ್ಲ, ತಿದಿಯ ಚೌಕಟ್ಟು ಮರದ ಮೇಲೆ ಕೂರುವಲ್ಲಿನ ಅಂಚುಪಟ್ಟಿಯದ್ದು. ಅದು ಒಣಗಿ ಗಾಜಿನಂತೆ ಗಟ್ಟಿಯಾಗಿತ್ತು. ಹೊಸದಾಗಿ ಮೆತ್ತನೆಯ ತೊಗಲಿನ ಪಟ್ಟಿ ಹಾಕಲಾಯಿತು. ಫೋಮ್ ಟೇಪ್ ಹಾಕಿದರೆ ಕೆಲಸ ಹತ್ತು ನಿಮಿಷದ್ದು, ಆದರೆ ಅದು ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಸಡಿಲವಾದ ಮೊಳೆಯ ತೂತುಗಳಿಗೆ ಅಂಟು ಹಚ್ಚಿದ ಮರದ ಕಡ್ಡಿ ತುಂಬಿ ಹೊಸದಾಗಿ ಕೊರೆಯಲಾಯಿತು.

ತೊಗಲು ಹೇಳಿದ ಸಂಗತಿ

ಪ್ರತಿ ರೀಡ್ ತಗಡಿನಲ್ಲಿ ಎರಡು ಸೀಳು. ಒಂದರ ನಾಲಿಗೆ ಹೊರಮೈಗೆ, ತಿದಿಯ ಕಡೆಗೆ. ಇನ್ನೊಂದರದು ಒಳಮೈಗೆ, ಮರದ ಕೋಣೆಯ ಕಡೆಗೆ. ಕೆಲಸವಿಲ್ಲದ ಸೀಳಿನಿಂದ ಗಾಳಿ ಸೋರದಂತೆ ಎದುರು ಮೈಗೆ ಒಂದೊಂದು ತೆಳು ತೊಗಲು ಪಟ್ಟಿ ಇರುತ್ತದೆ. ತಿದಿ ಮುಚ್ಚುವಾಗ ಹೊರಗಿನ ನಾಲಿಗೆ ನುಡಿಯುತ್ತದೆ, ಹೊರಗಿನ ತೊಗಲು ಅಮರಿಕೊಂಡು ಪಕ್ಕದ ಸೀಳನ್ನು ಮುಚ್ಚುತ್ತದೆ. ಎಳೆಯುವಾಗ ಇದೇ ಆಟ ಒಳಗೆ.

ಈ ವಾದ್ಯದಲ್ಲಿ ರೀಡ್ ಬ್ಲಾಕುಗಳ (ತಗಡುಗಳನ್ನು ಎರಡೂ ಮುಖಕ್ಕೆ ಕೂರಿಸಿದ ಮರದ ದಿಮ್ಮಿಗಳು) ಒಂದು ಮುಖದಲ್ಲಿ ಹೊರತೊಗಲುಗಳೆಲ್ಲ ಬಾಳೆಸಿಪ್ಪೆಯಂತೆ ತಗಡಿನಿಂದ ಸಿಡಿದು ನಿಂತಿದ್ದವು. ಅದೇ ಬ್ಲಾಕಿನ ಎದುರು ಮುಖದಲ್ಲಿ ಹೊರತೊಗಲು ಚಪ್ಪಟೆಯಾಗಿ ಚೆನ್ನಾಗಿತ್ತು, ತಗಡು ಎಬ್ಬಿಸಿ ನೋಡಿದರೆ ಒಳತೊಗಲು ಜೋತುಬಿದ್ದಿತ್ತು. ಕಾರಣ ಸರಳ. ನುಡಿಸುವ ಭಂಗಿಯಲ್ಲಿ ವಾದ್ಯ ನೆಟ್ಟಗಿದ್ದಾಗ ತಗಡುಗಳೂ ನೆಟ್ಟಗಿರುತ್ತವೆ, ತೊಗಲಿಗೆ ಭಾರ ಬೀಳುವುದಿಲ್ಲ. ವಾದ್ಯವನ್ನು ಮಲಗಿಸಿದರೆ ತಗಡುಗಳು ಅಡ್ಡವಾಗುತ್ತವೆ. ಆಗ ಕೆಳಮುಖದ ಹೊರತೊಗಲು, ಮೇಲ್ಮುಖದ ಒಳತೊಗಲು, ಈ ಎರಡು ದಶಕಗಟ್ಟಲೆ ಗಾಳಿಯಲ್ಲಿ ತೂಗುತ್ತವೆ. ಸ್ವರಪಟ್ಟಿಯಲ್ಲಿ ಕೆಳಮುಖದ ಸ್ವರಗಳು ಮುಚ್ಚುವಾಗ, ಮೇಲ್ಮುಖದವು ಎಳೆಯುವಾಗ ಕೆಟ್ಟಿದ್ದು ಇದಕ್ಕೇ. ರೀಡಿನ ತಪ್ಪೇನೂ ಇರಲಿಲ್ಲ.

ಮೇಣದ ಸ್ಥಿತಿ ನೋಡಲು ಪ್ರತಿ ತಗಡನ್ನೂ ಉಗುರಿನಿಂದ ಮೆಲ್ಲಗೆ ಒತ್ತಲಾಯಿತು. ಬಲಬದಿಯಲ್ಲಿ 17 ತಗಡು ಅಲುಗಿದವು, ಎರಡು ಕೈಗೇ ಬಂದವು. ಮೇಣ ಮಬ್ಬಾಗಿ, ಒತ್ತಿದರೆ ಸಕ್ಕರೆಯಂತೆ ಪುಡಿಯಾಗುತ್ತಿತ್ತು. ಸಡಿಲವಾದವನ್ನು ಮಾತ್ರ ಅಂಟಿಸಬಹುದಿತ್ತು, ಆದರೆ ಉಳಿದವು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಬೀಳುತ್ತವೆ. ಒಳತೊಗಲು ಬದಲಿಸಲು ತಗಡು ಏಳಲೇಬೇಕು. ಆದ್ದರಿಂದ ಬಲಬದಿಯ 123ನ್ನೂ ತೆಗೆಯುವ ತೀರ್ಮಾನ. ಎಡಬದಿಯಲ್ಲಿ ಸಡಿಲವಿದ್ದದ್ದು ಮೂರು, ಮೇಣ ಇನ್ನೂ ಜೀವಂತವಾಗಿತ್ತು. ಅಲ್ಲಿ ಮೂರನ್ನು ಮಾತ್ರ ಮುಟ್ಟಿದ್ದು.

ತಗಡು ತೆಗೆಯುವ ಮುನ್ನ ಬ್ಲಾಕಿನ ಎರಡೂ ಮುಖದ ಫೋಟೋ, ಪ್ರತಿ ತಗಡಿಗೂ ಸಂಖ್ಯೆ. ಹಳೆಯ ಮೇಣವನ್ನು ಉಳಿಯಿಂದ ಎಬ್ಬಿಸಿ, ಲೋಹದ ಮೇಲೆ ಉಳಿದದ್ದನ್ನು ಬಣ್ಣ ತೆಳುಮಾಡಲು ಬಳಸುವ ವೈಟ್ ಸ್ಪಿರಿಟ್‌ನಿಂದ ಒರೆಸಿ, ಹಳೆಯ ತೊಗಲು ಅಂಟಿದ ಜಾಗವನ್ನೂ ಶುದ್ಧ ಮಾಡಬೇಕು. ಒಂಬತ್ತು ನಾಲಿಗೆಗಳ ಮೇಲೆ ತುಕ್ಕು ಕಂಡಿತು. ಏಳರ ಮೇಲಿನದು ಬರಿಯ ಕೆಂಪು ಧೂಳು, ಫೈಬರ್‌ಗ್ಲಾಸ್ ಕುಂಚದಿಂದ ನಾಲಿಗೆಯ ಉದ್ದಕ್ಕೇ ಸವರಿದಾಗ ಹೋಯಿತು. ಅಡ್ಡಡ್ಡ ಉಜ್ಜಿದರೆ ಆ ಗೀರಿನಲ್ಲೇ ಮುಂದೆ ನಾಲಿಗೆ ಮುರಿಯುತ್ತದೆ. ಎರಡರಲ್ಲಿ ರಿವೆಟ್ಟಿನ ಬಳಿ ತುಕ್ಕು ಕುಳಿ ತೋಡಿತ್ತು. ನಾಲಿಗೆ ಹೆಚ್ಚು ಬಾಗುವ ಜಾಗ ಅದು, ಉಳಿಯುವುದಿಲ್ಲ. ಆ ಎರಡು ತಗಡುಗಳ ಬದಲಿಗೆ ಅದೇ ಅಳತೆಯ ಬೇರೆ ಹಳೆಯ ತಗಡು ಹಾಕಲಾಯಿತು. ರೀಡಿಗೆ ಎಣ್ಣೆ, ತುಕ್ಕುಬಿಡಿಸುವ ಸ್ಪ್ರೇ ಏನನ್ನೂ ತಾಗಿಸಬಾರದು. ಎಣ್ಣೆ ಧೂಳು ಹಿಡಿಯುತ್ತದೆ, ತೊಗಲಿಗೆ ಇಳಿಯುತ್ತದೆ, ಮೇಣವನ್ನು ಮೆತ್ತಗಾಗಿಸುತ್ತದೆ.

ಹೊಸ ತೊಗಲು ಸೀಳನ್ನು ಎರಡೂ ಬದಿ ಸುಮಾರು 1 ಮಿಲಿಮೀಟರ್ ಮೀರಿ ಮುಚ್ಚಬೇಕು, ಪಕ್ಕದ ರಿವೆಟ್ಟಿಗೆ ತಾಗಬಾರದು. ಅಂಟು ಒಂದು ತುದಿಗೆ ಮಾತ್ರ, 5 ಮಿಲಿಮೀಟರ್. ಅಂಟು ಹೆಚ್ಚಾದರೆ ತೊಗಲು ಗಟ್ಟಿಯಾಗಿ ಸ್ವರ ತಡವರಿಸುತ್ತದೆ. ದೊಡ್ಡ ಮಂದ್ರ ರೀಡುಗಳ ತೊಗಲಿನ ಬೆನ್ನಿಗೆ ತೆಳುವಾದ ಸ್ಪ್ರಿಂಗ್ ಪಟ್ಟಿ ಇತ್ತು, ಅದನ್ನು ಹೊಸದಕ್ಕೂ ಹಾಕಬೇಕು. ತೀರ ಮೇಲಿನ ಪುಟ್ಟ ರೀಡುಗಳಿಗೆ ಮೊದಲಿನಿಂದಲೂ ತೊಗಲಿರುವುದಿಲ್ಲ. ಕಳೆದುಹೋಗಿದೆ ಎಂದುಕೊಂಡು ಹಾಕಿದರೆ ಅವು ಮೂಕವಾಗುತ್ತವೆ.

ಮೇಣ

ಮೂರು ಪಾಲು ಜೇನುಮೇಣ, ಒಂದು ಪಾಲು ರಾಳ, ಮೇಲೆ ಕೆಲವು ಹನಿ ಅಗಸೆ ಎಣ್ಣೆ. ಬರಿಯ ಜೇನುಮೇಣ ಮೆತ್ತಗಾಗಿ ಜಾರುತ್ತದೆ; ರಾಳ ಹಿಡಿತ ಕೊಡುತ್ತದೆ, ಆದರೆ ಹೆಚ್ಚಾದರೆ ಚಳಿಗೆ ಸಿಡಿಯುತ್ತದೆ. ಅಗಸೆ ಎಣ್ಣೆ ಸಿಡಿಯುವುದನ್ನು ಮುಂದೂಡುತ್ತದೆ. ಪುಡಿಮಾಡಿದ ರಾಳವನ್ನು ಮೊದಲು ಕರಗಿಸಿ, ಆಮೇಲೆ ಮೇಣ ಸೇರಿಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ತಾಪ ನಿಯಂತ್ರಿಸುವ ವಿದ್ಯುತ್ ಪಾತ್ರೆಯೇ ಆಗಬೇಕು, ತೆರೆದ ಉರಿ ಬೇಡ.

ತಗಡನ್ನು ಅದರ ಕೋಣೆಯ ಮೇಲೆ ಕೂರಿಸಿ, ನಡುವೆ ಸಮ ಅಂತರ ನೋಡಿ, ಮೂತಿಯಿರುವ ಪುಟ್ಟ ಚಮಚದಿಂದ ಅಂಚಿನುದ್ದಕ್ಕೂ ಒಂದೇ ಎಳೆಯಾಗಿ ಮೇಣ ಹರಿಸುವುದು. ಕೈ ಎಲ್ಲಿಯೂ ನಿಲ್ಲಬಾರದು. ಮೇಣ ತಣ್ಣಗಿದ್ದರೆ ಮಣಿಮಣಿಯಾಗಿ ಮೇಲೆ ಕೂತು ಲೋಹವನ್ನು ಹಿಡಿಯುವುದಿಲ್ಲ. ನೋಡಲು ದಪ್ಪಗೆ ಚೆನ್ನಾಗಿರುತ್ತದೆ, ಗಾಳಿ ಅಡಿಯಿಂದ ಸೋರುತ್ತದೆ. ತೀರ ಬಿಸಿಯಿದ್ದರೆ ತಗಡಿನಡಿ ನುಗ್ಗಿ ಒಳತೊಗಲನ್ನು ಅಂಟಿಸಿಬಿಡುತ್ತದೆ. ಸರಿಯಾದ ಬಿಸಿಯಲ್ಲಿ ಎಳೆ ಹೊಳೆಯುತ್ತ ಲೋಹಕ್ಕೂ ಮರಕ್ಕೂ ತುಸು ಹತ್ತಿ, ನಡುವೆ ತಗ್ಗಾಗಿ ಆರುತ್ತದೆ. ಮೊದಲ ಬ್ಲಾಕಿನಲ್ಲಿ ಆರು ತಗಡು ತಣ್ಣನೆಯ ಮೇಣದಿಂದ ಸೋರಿದವು, ಕಿತ್ತು ಮತ್ತೆ ಹಾಕಬೇಕಾಯಿತು.

ಆಮೇಲೆ ನಾಲಿಗೆಯ ಎತ್ತರ. ತುದಿ ತಗಡಿಗಿಂತ ಸರಿಸುಮಾರು ತುದಿಯ ದಪ್ಪದಷ್ಟೇ ಮೇಲಿರಬೇಕು. ತಗ್ಗಿದ್ದರೆ ಜೋರಾಗಿ ಒತ್ತಿದಾಗ ಉಸಿರುಕಟ್ಟುತ್ತದೆ, ಹೆಚ್ಚಿದ್ದರೆ ಸ್ವರ ತಡವಾಗಿ ಬಂದು ಗಾಳಿ ತಿನ್ನುತ್ತದೆ.

ಮನೆಗಳು, ಗುಂಡಿಗಳು

ಸಿಕ್ಕಿಕೊಂಡ ಮೂರು ಮನೆಗಳಿಗೆ ಕಾರಣ ಅವುಗಳ ನಡುವೆ ಹಾಯ್ದ ಉಕ್ಕಿನ ಸಲಾಕೆಯ ತುಕ್ಕು. ಸಲಾಕೆಯನ್ನು ಹೊರಗೆಳೆದು, ರೀಡುಗಳಿಂದ ದೂರದ ಮೇಜಿನ ಮೇಲೆ ನುಣ್ಣನೆಯ ಉಕ್ಕಿನ ನಾರಿನಿಂದ ಉಜ್ಜಲಾಯಿತು. ಆ ನಾರಿನ ಧೂಳು ಒಂದು ಕಣ ರೀಡಿನ ಸೀಳಿಗೆ ಹೋದರೂ ಸ್ವರ ನಿಲ್ಲುತ್ತದೆ.

ಮನೆ ಒತ್ತಿದಾಗ ತೆರೆದುಕೊಳ್ಳುವ ಗಾಳಿಮುಚ್ಚಳಗಳ ಅಡಿಯ ಫೆಲ್ಟನ್ನು (ಒತ್ತಿದ ಉಣ್ಣೆಯ ಬಟ್ಟೆ) ನುಸಿ ತಿಂದಿತ್ತು. ಹೊಸದಾಗಿ 3 ಮಿಲಿಮೀಟರ್ ಫೆಲ್ಟ್, 1 ಮಿಲಿಮೀಟರ್ ತೊಗಲು. ಹಳೆಯದು ತುಳಿತಕ್ಕೆ ತೆಳುವಾಗಿದ್ದುದರಿಂದ ಹೊಸದು ಮುಚ್ಚಳವನ್ನು ಮೇಲೆತ್ತಿತು, ಅದಕ್ಕೆ ತಕ್ಕಂತೆ ಮನೆಗಳ ಮುಂತುದಿ ಕೆಳಗಿಳಿಯಿತು. ಅಲ್ಯೂಮಿನಿಯಂ ತೋಳುಗಳನ್ನು ಒಂದೊಂದಾಗಿ ಬಗ್ಗಿಸಿ ಸಮತಟ್ಟು ತರಬೇಕಾಯಿತು. ಮುಚ್ಚಳ ಪೂರ್ತಿ ಕೂತಿದೆಯೇ ಎಂದು ತಿಳಿಯಲು ತೆಳುಕಾಗದದ ಪಟ್ಟಿಯನ್ನು ನಾಲ್ಕೂ ಅಂಚಿನಲ್ಲಿ ಸಿಕ್ಕಿಸಿ ಎಳೆದು ನೋಡುವುದು. ಎಲ್ಲ ಕಡೆ ಒಂದೇ ಬಿಗಿ ಇರಬೇಕು.

ಎಡಬದಿಯ ಗುಂಯ್‌ಗುಡುವ ಸ್ವರಕ್ಕೆ ಕಾರಣ ಬಾಗಿದ ಒಂದು ಸನ್ನೆ. 120 ಗುಂಡಿಗಳ ಯಂತ್ರವನ್ನು ಪೂರ್ತಿ ಬಿಚ್ಚದೆ, ಅದನ್ನಷ್ಟೇ ನೆಟ್ಟಗೆ ಮಾಡಿ, ಕುಂಚದಿಂದ ಧೂಳು ತೆಗೆದು ಬಿಡಲಾಯಿತು. ಅನಿವಾರ್ಯವಲ್ಲದೆ ಆ ಕಾಡಿಗೆ ಕೈಹಾಕಬಾರದು.

ಶ್ರುತಿ

ಮೇಣ ಹಾಕಿ ಎರಡು ವಾರ ಕಾದು, ವಾದ್ಯವನ್ನು ಜೋಡಿಸಿ ಮತ್ತೆ ಅಳೆದಾಗ ತಪ್ಪಿದ್ದ 94 ನಾಲಿಗೆಗಳಲ್ಲಿ 63 ತಾವಾಗಿಯೇ ಜಾಗಕ್ಕೆ ಬಂದಿದ್ದವು. ಉಳಿದದ್ದು 31. ಮೊದಲ ದಿನ ಅರ ಹಿಡಿದಿದ್ದರೆ ಆ 63ನ್ನು ಕೆಡಿಸಿ, ತೊಗಲು ಸರಿಯಾದ ಮೇಲೆ ಮತ್ತೆ ತಿರುಗಿ ಉಜ್ಜಬೇಕಾಗುತ್ತಿತ್ತು.

ಆಧಾರ ಶ್ರುತಿಯನ್ನು ವಾದ್ಯವೇ ಹೇಳಲಿ ಎಂದು ಬಿಟ್ಟದ್ದು. ಕೆಡದ ರೀಡುಗಳ ಸರಾಸರಿ, 'ಎ' ಸ್ವರಕ್ಕೆ ರೂಢಿಯ ಶ್ರುತಿಯಾದ 440 ಹರ್ಟ್ಸ್‌ಗಿಂತ 4 ಸೆಂಟ್ ಮೇಲಿತ್ತು, ಎಂದರೆ ಸುಮಾರು 441. ಅದನ್ನೇ ಹಿಡಿದರೆ ತೆಗೆಯಬೇಕಾದ ಉಕ್ಕು ಅತಿ ಕಡಿಮೆ. ಎರಡು ಮಧ್ಯ ಸಾಲುಗಳನ್ನು ಬೇಕೆಂದೇ ತುಸು ಬೇರೆ ಶ್ರುತಿಯಲ್ಲಿಟ್ಟು ತರುವ ಕಂಪನ ಮಧ್ಯಸ್ಥಾಯಿಯ 'ಎ' ಸ್ವರದಲ್ಲಿ 12 ಸೆಂಟ್, ಸೆಕೆಂಡಿಗೆ ಸುಮಾರು 3 ಅಲೆ. ಒಂದು ಸ್ಥಾಯಿ ಮೇಲೆ ಅದೇ 12 ಇಟ್ಟರೆ 6 ಅಲೆಯಾಗಿ ಕರ್ಕಶವಾಗುತ್ತದೆ. ಅಲ್ಲಿ 8 ಸೆಂಟ್, ಸುಮಾರು 4 ಅಲೆ. ಒಂದು ಸ್ಥಾಯಿ ಕೆಳಗೆ 18 ಸೆಂಟ್, ಎರಡಕ್ಕಿಂತ ತುಸು ಹೆಚ್ಚು.

ನಾಲಿಗೆಯಡಿ 0.1 ಮಿಲಿಮೀಟರ್ ಹಿತ್ತಾಳೆ ಹಾಳೆ ಜಾರಿಸಿ, ಸ್ವರ ಏರಬೇಕಾದರೆ ತುದಿಯ ಬಳಿ, ಇಳಿಯಬೇಕಾದರೆ ಬುಡದ ಬಳಿ ಎರಡು ಮೂರು ಗೀರು. ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಅಳೆಯುವುದು. ಕೊನೆಯ ಅಳತೆ ರೀಡ್ ವಾದ್ಯದೊಳಗಿದ್ದಾಗಲೇ ಆಗಬೇಕು. ಮೇಜಿನ ಮೇಲೆ ಸರಿಯಿದ್ದ ಸ್ವರ ಒಳಗೆ ಕೆಲವು ಸೆಂಟ್ ಸರಿಯುತ್ತದೆ.

ಕೊನೆಯ ಸ್ಥಿತಿ

ಇಳಿಯುವ ಪರೀಕ್ಷೆ 4ರಿಂದ 26 ಸೆಕೆಂಡಿಗೆ ಏರಿತು. ಮಂದ್ರದ ತೀರ ಕೆಳಗಿನ ಎರಡು ಸ್ವರ ಮೆಲ್ಲಗೆ ಒತ್ತಿದಾಗ ಇನ್ನೂ ತುಸು ತಡವಾಗಿ ಬರುತ್ತವೆ. ಉಜ್ಜಿ ನೋಡುವ ಬದಲು ತೊಗಲು ಪಳಗಲಿ ಎಂದು ಬಿಡಲಾಗಿದೆ. ಮೂಲೆಯೊಂದರ ಸೆಲ್ಯುಲಾಯ್ಡ್ ಬಿರುಕಿಗೆ ಅಸಿಟೋನ್‌ನಲ್ಲಿ ಕರಗಿಸಿದ ಸೆಲ್ಯುಲಾಯ್ಡ್ ಚೂರು ತುಂಬಿದೆ, ಬಣ್ಣ ಪೂರ್ತಿ ಹೊಂದಿಲ್ಲ.

ಪೆಟ್ಟಿಗೆಯೊಳಗೆ ಪುಟ್ಟ ತೇವಮಾಪಕ ಇಟ್ಟು, ಸಾಪೇಕ್ಷ ತೇವ ಶೇ. 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಲಾಗುತ್ತಿದೆ, ಏರಿದಾಗ ಸಿಲಿಕಾ ಜೆಲ್. ಪೆಟ್ಟಿಗೆಯ ಒಂದು ಬದಿಗೆ ಬಾಣದ ಗುರುತು ಬರೆದಿದೆ, ಯಾರು ಎತ್ತಿಟ್ಟರೂ ವಾದ್ಯ ನುಡಿಸುವ ಭಂಗಿಯಲ್ಲೇ ನಿಲ್ಲಲಿ ಎಂದು. ಮೂರು ತಿಂಗಳ ಬಳಿಕ ಮತ್ತೆ ಬಿಚ್ಚಿ ನೋಡಿದಾಗ 123 ತಗಡುಗಳಲ್ಲಿ ಒಂದೂ ಅಲುಗಲಿಲ್ಲ, ಎರಡೂ ಮುಖದ ತೊಗಲು ತಗಡಿಗೆ ಅಮರಿಕೊಂಡೇ ಇತ್ತು.